ಕಾಡುಪಾಪ ಮತ್ತೆ ನಮ್ಮ ಮರಕ್ಕೆ ಬರುತ್ತಾ?

ಪ್ರಶ್ನೆ: ಯಲಹಂಕದ ಸುತ್ತಮುತ್ತ ಹುಣಸೆ, ಹೊಂಗೆ ಮರಗಳಲ್ಲಿ ರಾತ್ರಿ ಹೊತ್ತು ಕಾಡುಪಾಪ ಕಾಣಿಸುತ್ತಿತ್ತು ಅಂತ ನಮ್ಮ ತಾತ ಹೇಳುತ್ತಿದ್ದರು. ಈಗ ನಮ್ಮ ಲೇಔಟ್‌ನ ಪಾರ್ಕಿನಲ್ಲಿ ಮರಗಳು ಚೆನ್ನಾಗಿ ಬೆಳೆದಿವೆ. ಎಲ್ಲಿಂದಾದರೂ ಒಂದೆರಡು ಜೋಡಿ ತಂದು ಬಿಡಬಹುದಾ ಸಾರ್?
– ಓದುಗರು, ಯಲಹಂಕ

ಉತ್ತರ: ದಯವಿಟ್ಟು ತರಬೇಡಿ. ನಿಮ್ಮ ಆಸೆ ನನಗೂ ಇದೆ, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಕಾಡುಪಾಪವೂ ಇದೆ. ಅದನ್ನು ಹಿಡಿಯುವುದೇ ಅಪರಾಧ. ಮಾಟಮಂತ್ರದ ಹೆಸರಲ್ಲಿ ಹಿಡಿದು ಮಾರುವವರಿಂದ ಈ ಪಾಪದ ಪ್ರಾಣಿ ಪಟ್ಟ ಕಷ್ಟವೇ ಸಾಕು.

ಕಾನೂನಿನ ಮಾತು ಹಾಗಿರಲಿ, ಅದು ನಡೆಯುವ ರೀತಿ ನೋಡಿ. ಅಂಗೈಯಲ್ಲಿ ಕೂರುವಷ್ಟು ಪ್ರಾಣಿ, ಬಾಲವಿಲ್ಲ, ಕೋತಿ ಹಾಗೆ ನೆಗೆಯಲು ಬರುವುದಿಲ್ಲ. ಮುಂದಿನ ಕೊಂಬೆ ಕೈಗೆ ಭದ್ರವಾಗಿ ಸಿಕ್ಕ ಮೇಲೇ ಹಿಂದಿನದನ್ನು ಬಿಡುತ್ತದೆ. ಎರಡು ಮರದ ನಡುವೆ ರಸ್ತೆ ಬಂತು ಅಂದರೆ ಅದು ನೆಲಕ್ಕಿಳಿಯಬೇಕು, ಇಲ್ಲ ಕರೆಂಟ್ ತಂತಿ ಹಿಡಿಯಬೇಕು, ಕೆಳಗೆ ನಾಯಿ, ಮೇಲೆ ಶಾಕ್. ನಿಮ್ಮ ಪಾರ್ಕಿನ ಮರಗಳ ಕೊಂಬೆಗೆ ಕೊಂಬೆ ತಾಗಿದೆಯಾ? ಒಮ್ಮೆ ಕತ್ತೆತ್ತಿ ನೋಡಿ. ಹುಳಕ್ಕೆ ಔಷಧಿ ಹೊಡೆಯುತ್ತಿದ್ದರೆ ಅದನ್ನೂ ನಿಲ್ಲಿಸಿ, ಇರುವೆ, ಹುಳಹುಪ್ಪಟೆಯೇ ಅದರ ಊಟ.

ಓಡಿಸಿದ ಕಾರಣ ಹಾಗೇ ಇದ್ದರೆ ತಂದು ಬಿಟ್ಟದ್ದು ಉಳಿಯುವುದಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಪೂರ್ತಿ ಖಾಲಿಯಾದ ಮೇಲೆ, 2008ರಲ್ಲಿ ರಣಥಂಬೋರ್‌ನಿಂದ ಹೆಲಿಕಾಪ್ಟರ್‌ನಲ್ಲಿ ಮೊದಲ ಗಂಡು ಹುಲಿ ತಂದರು. 2010ರಲ್ಲಿ ಅದು ವಿಷಕ್ಕೆ ಬಲಿಯಾಯಿತು. ಅಷ್ಟೆಲ್ಲ ಕಾವಲಿದ್ದೂ ಹೀಗಾಯಿತು ಅಂದರೆ ಪಾರ್ಕಿನ ಕಥೆ ಯೋಚಿಸಿ.

ಒಂದು ಒಳ್ಳೆಯ ಸುದ್ದಿಯೂ ಇದೆ. ಕಾಡುಪಾಪ ಬೆಂಗಳೂರು ಬಿಟ್ಟು ಹೋಗಿಲ್ಲ. ನಿಮಗೆ ಹತ್ತಿರದ ಜಿಕೆವಿಕೆಯಲ್ಲಿ (ಕೃಷಿ ವಿಶ್ವವಿದ್ಯಾಲಯದ ಆವರಣ), ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ ಇದನ್ನು ನೋಡಿದವರಿದ್ದಾರೆ. ಅಕ್ಕಪಕ್ಕದ ಹಳೇ ತೋಪುಗಳಲ್ಲೂ ಉಳಿದಿರಬಹುದು, ಟಾರ್ಚ್‌ಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿಕೊಂಡು ಸದ್ದಿಲ್ಲದೆ ಹುಡುಕಿ, ಎರಡು ಕಣ್ಣು ಕೆಂಡದ ಹಾಗೆ ಹೊಳೆಯುತ್ತವೆ. ಸಿಕ್ಕರೆ ಅಲ್ಲಿಂದ ನಿಮ್ಮ ಪಾರ್ಕಿನವರೆಗೆ ಖಾಲಿ ಇರುವ ಜಾಗದಲ್ಲೆಲ್ಲ ಹೊಂಗೆ, ನೇರಳೆ, ಅತ್ತಿ ನೆಡಿ. ಕೊಂಬೆ ಸೇರಿದ ದಿನ ಅದೇ ನಡೆದು ಬರುತ್ತದೆ.

ಪ್ರಶ್ನೆ: ರಾಮನಗರದ ಬೆಟ್ಟಕ್ಕೆ ರಣಹದ್ದುಗಳನ್ನು ಸಾಕಿ ಬಿಟ್ಟರೆ ಆಗದಾ? ನಮ್ಮ ಮನೆಯಲ್ಲಿ ನಾಲ್ಕು ಹಸುಗಳಿವೆ, ನಮ್ಮಿಂದ ಏನಾದರೂ ಆಗುತ್ತಾ?
– ಓದುಗರು, ಕೆಂಗೇರಿ

ಉತ್ತರ: ಹಸು ಇರುವವರಿಂದಲೇ ಜಾಸ್ತಿ ಆಗುವುದು! ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದು ಸಾಕಿ ಮರಿ ಮಾಡಿಸುತ್ತಾರೆ, ಆದರೆ ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸಾಯಿಸುವ ಕಾರಣ ಹಾಗೇ ಇದ್ದರೆ ಬಿಟ್ಟ ಹದ್ದೂ ಉಳಿಯುವುದಿಲ್ಲ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಕಿಡ್ನಿ ಕೆಡಿಸುತ್ತದೆ. 2006ರಲ್ಲೇ ದನಗಳಿಗೆ ಅದು ನಿಷೇಧವಾಯಿತು. ಆಮೇಲೂ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಯ ಔಷಧಿಯನ್ನೇ ದನಕ್ಕೆ ಚುಚ್ಚುತ್ತಿದ್ದರಿಂದ 2015ರಲ್ಲಿ ಸೀಸೆಯನ್ನು 3 ಮಿಲಿಗೆ ಇಳಿಸಿದರು. ನಿಮ್ಮ ಹಸುವಿಗೆ ಜ್ವರ, ನೋವು ಬಂದಾಗ ಡಾಕ್ಟರ ಹತ್ತಿರ ಮೆಲೋಕ್ಸಿಕಾಮ್ ಕೊಡಿ ಅಂತ ಹೆಸರು ಹೇಳಿ ಕೇಳಿ. ಅದರಿಂದ ಹದ್ದಿಗೆ ತೊಂದರೆಯಿಲ್ಲ.