ಸ್ಟ್ಯಾಂಡ್ ಫುಲ್ ಅಂದರೆ ಎದೆ ಬಡಿತ

ಈ ಹೆಣ್ಣುಮಗಳನ್ನು ಮನಸ್ಸಿನ ತೊಂದರೆ ನೋಡುವ ನನ್ನ ಹತ್ತಿರ ಕಳಿಸಿದ್ದು ಫಿಸಿಶಿಯನ್. ಇಸಿಜಿ ಸರಿ ಇತ್ತು, ಥೈರಾಯ್ಡ್ ಸರಿ ಇತ್ತು, ರಕ್ತದಲ್ಲೂ ಏನೂ ತೊಂದರೆ ಇರಲಿಲ್ಲ. ಆದರೂ ಬೆಳಗ್ಗೆ ಎದೆ ಡವಡವ ಹೊಡೆಯುತ್ತದೆ, ಅಂಗೈ ಬೆವರುತ್ತದೆ, ಉಸಿರು ಸಿಕ್ಕಿಕೊಂಡ ಹಾಗಾಗುತ್ತದೆ. ‘ಹಾರ್ಟ್ ಅಟ್ಯಾಕ್ ಆಗಿ ರೈಲಲ್ಲೇ ಹೋಗಿಬಿಡ್ತೀನಿ ಅನ್ಸುತ್ತೆ ಮೇಡಂ’ ಅಂದರು.

ಬೆಂಗಳೂರು–ಮೈಸೂರು ರೈಲು ಮಾರ್ಗದ ಒಂದು ಊರು ಅವರದು. ಊರಿನ ಹೆಸರು ಬೇಡ, ಗುರುತು ಹತ್ತುವ ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಮೂವತ್ತು ದಾಟಿದೆ. ಮಗಳು ಎರಡನೇ ಕ್ಲಾಸು. ಗಂಡನಿಗೆ ಊರಲ್ಲೇ ಅಂಗಡಿ. ಇವರು ಕಬ್ಬನ್ ಪಾರ್ಕ್ ಹತ್ತಿರದ ಒಂದು ಕಚೇರಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ನಿಲ್ದಾಣದವರೆಗೆ ಸ್ಕೂಟರ್, ಬೆಳಗಿನ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಹಿಡಿದು ಮೆಜೆಸ್ಟಿಕ್, ಅಲ್ಲಿಂದ ಮೆಟ್ರೊ. ಕೈಯಲ್ಲಿ ರೈಲಿನ ತಿಂಗಳ ಪಾಸ್ ಇದೆ. ಸುಮಾರು ಹದಿನೈದು ಒಂಟಿ ಟಿಕೆಟ್‌ನ ದುಡ್ಡಿಗೆ ತಿಂಗಳಿಡೀ ಓಡಾಟ. ದುಡ್ಡು ಕೊಟ್ಟು ಹೋಗುವುದರಲ್ಲಿ ಇದು ತುಂಬ ಅಗ್ಗ.

ಮೊದಲ ವಾರ ಒಂದು ಸಣ್ಣ ಕೆಲಸ ಕೊಟ್ಟೆ. ಎದೆ ಬಡಿತ ಎಲ್ಲಿ ಶುರುವಾಗುತ್ತದೆ, ಅಷ್ಟನ್ನು ಮಾತ್ರ ಫೋನಿನಲ್ಲಿ ಗುರುತು ಹಾಕಿಕೊಂಡು ಬನ್ನಿ ಎಂದೆ. ಅವರು ತಂದ ಪಟ್ಟಿ ನೋಡಿದರೆ ರೈಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬೆಳಗ್ಗೆ ಶುರುವಾಗುತ್ತಿದ್ದದ್ದು ನಿಲ್ದಾಣದ ರಸ್ತೆಗೆ ತಿರುಗುವ ಮೂಲೆಯಲ್ಲಿ. ಅಲ್ಲಿಂದ ಸ್ಕೂಟರ್ ಸ್ಟ್ಯಾಂಡಿನ ಬಾಯಿ ಕಾಣುತ್ತದೆ. ಸಂಜೆ ಶುರುವಾಗುತ್ತಿದ್ದದ್ದು ಕೆಂಗೇರಿ ದಾಟಿದ ಮೇಲೆ. ಭಾನುವಾರ ಏನೂ ಇಲ್ಲ.

ಸ್ಟ್ಯಾಂಡಿನ ಕತೆ ಹೀಗೆ. ನಿಲ್ದಾಣದ ಮುಂದೆ ಕಟ್ಟಡದ ಕೆಲಸ ಶುರುವಾಗಿ ಗಾಡಿ ನಿಲ್ಲಿಸುವ ಜಾಗ ಅರ್ಧ ಆಯಿತು. ಏಳು ಗಂಟೆಗೆ ಮೊದಲೇ ಫುಲ್. ಆಮೇಲೆ ಬಂದವರು ರಸ್ತೆ ಬದಿ, ಚರಂಡಿ ಪಕ್ಕ, ಗೋಡೌನ್ ಗೇಟಿನ ಮುಂದೆ ಎಲ್ಲೆಂದರಲ್ಲಿ ನಿಲ್ಲಿಸಬೇಕು. ಒಂದು ದಿನ ಇವರ ಸ್ಕೂಟರ್ ಅಡ್ಡ ಬಿದ್ದಿತ್ತು, ಕನ್ನಡಿ ಪುಡಿ. ಇನ್ನೊಂದು ದಿನ ಯಾರೋ ಎರಡೂ ಚಕ್ರದ ಗಾಳಿ ಬಿಟ್ಟಿದ್ದರು. ರಾತ್ರಿ ಎಂಟೂವರೆಗೆ, ದೀಪ ಇಲ್ಲದ ರಸ್ತೆಯಲ್ಲಿ ಸ್ಕೂಟರ್ ತಳ್ಳಿಕೊಂಡು ನಡೆದರು. ಹಿಂದೆ ಒಂದು ಬೈಕು ನಿಧಾನಕ್ಕೆ ಬರುತ್ತಿತ್ತು. ಏನೂ ಆಗಲಿಲ್ಲ. ಆದರೆ ಎದೆ ಬಡಿತ ಶುರುವಾದದ್ದು ಅದರ ಮರುದಿನದಿಂದ.

ಮನೆಯಲ್ಲಿ ಹೇಳಿದಿರಾ ಎಂದು ಕೇಳಿದೆ. ಇಲ್ಲ. ಕನ್ನಡಿ ಒಡೆದದ್ದಕ್ಕೆ ‘ಆಫೀಸ್ ಹತ್ರ ಬಿತ್ತು’ ಎಂದಿದ್ದರು. ಸ್ಕೂಟರು ಬೆಂಗಳೂರಿಗೆ ಹೋಗುವುದೇ ಇಲ್ಲ, ಅದು ಗಂಡನ ಗಮನಕ್ಕೂ ಬಂದಿರಲಿಲ್ಲ!

‘ಹೇಳಿದ್ರೆ ಒಂದೇ ಮಾತು ಮೇಡಂ. ಕೆಲ್ಸ ಬಿಡು ಅಂತಾರೆ.’

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ದಿನಾ ರೈಲಿನಲ್ಲಿ ಓಡಾಡುವ ಹೆಣ್ಣುಮಕ್ಕಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕಷ್ಟ ಹೇಳಿಕೊಂಡರೆ ಕೆಲಸಕ್ಕೇ ಕುತ್ತು. ಆದ್ದರಿಂದ ಮಳೆ, ನೂಕುನುಗ್ಗಲು, ನಿಲ್ದಾಣದ ಹೊರಗೆ ಸಿಗ್ನಲ್‌ಗೆ ಕಾದು ರೈಲು ನಿಂತದ್ದು ಯಾವುದನ್ನೂ ಮನೆಯಲ್ಲಿ ಹೇಳುವುದಿಲ್ಲ. ಕೇಳಿದರೆ ‘ಆರಾಮಾಗಿ ಹೋಗ್ಬರ್ತೀನಿ’ ಅನ್ನುತ್ತಾರೆ. ಬಾಯಿ ಸುಮ್ಮನಿದ್ದರೂ ಮೈ ಸುಮ್ಮನಿರುವುದಿಲ್ಲ. ಇವರು ಸ್ಟ್ಯಾಂಡಿಗೆ ಹೆದರುತ್ತಿದ್ದರು, ನಿಜ. ಅದಕ್ಕಿಂತ ಜಾಸ್ತಿ ಹೆದರುತ್ತಿದ್ದದ್ದು ಸ್ಟ್ಯಾಂಡಿನ ವಿಷಯ ಮನೆಗೆ ಗೊತ್ತಾಗುವುದಕ್ಕೆ.

ಪ್ಯಾನಿಕ್ ಅಂದರೆ ಏನು ಎಂದು ವಿವರಿಸಿದೆ. ಅಪಾಯ ಬಂತು ಎಂದು ಮೈ ತಪ್ಪು ತಿಳಿಯುತ್ತದೆ, ಓಡಲು ತಯಾರಾಗುತ್ತದೆ, ಅದಕ್ಕೇ ಎದೆ ಹೊಡೆದುಕೊಳ್ಳುತ್ತದೆ. ಹತ್ತು ನಿಮಿಷದ ಆಸುಪಾಸಿನಲ್ಲಿ ಏರಿ ತಾನಾಗಿ ಇಳಿಯುತ್ತದೆ. ಉಸಿರು ನಿಧಾನಕ್ಕೆ ಬಿಡುವುದನ್ನೂ ಹೇಳಿಕೊಟ್ಟೆ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಎಷ್ಟು ಚೆನ್ನಾಗಿ ಉಸಿರಾಡಿದರೂ ಸ್ಟ್ಯಾಂಡಿನಲ್ಲಿ ಜಾಗ ಹುಟ್ಟುವುದಿಲ್ಲ ಅಲ್ವಾ? ಹೊರಗಿನ ಕಷ್ಟ ನಿಜವಾಗಿದ್ದಾಗ ಅದನ್ನು ಬಿಟ್ಟು ಬರೀ ಮನಸ್ಸನ್ನು ರಿಪೇರಿ ಮಾಡಲು ಹೊರಡುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲಕ್ಕೂ ಮೊದಲು ಒಂದು ವಿಷಯದಲ್ಲಿ ಖಡಾಖಂಡಿತವಾಗಿ ಮಾತಾಡಬೇಕಾಯಿತು. ದೂರದಲ್ಲಿ ಸ್ಕೂಟರ್ ನಿಲ್ಲಿಸಿದ ದಿನ ಅವರು ಹಳಿ ದಾಟಿ ಪ್ಲಾಟ್‌ಫಾರ್ಮ್ ಹತ್ತುತ್ತಿದ್ದರು. ಆ ಮಾರ್ಗ ಜೋಡಿ ಹಳಿ, ಎರಡೂ ಕಡೆಯಿಂದ ರೈಲು ಬರುತ್ತದೆ. ವಿದ್ಯುತ್ ಎಂಜಿನ್ ಹತ್ತಿರ ಬರುವವರೆಗೂ ಸದ್ದು ಗೊತ್ತಾಗುವುದು ಕಡಿಮೆ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಇದಕ್ಕೆ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡವೂ ಉಂಟು. ರೈಲು ತಪ್ಪಿದರೆ ತಪ್ಪಲಿ, ಮೇಲ್ಸೇತುವೆ ಹತ್ತಿಯೇ ಹೋಗಬೇಕು ಎಂದೆ. ಒಪ್ಪಿದರು.

ಮುಂದಿನದು ಜಾಗದ ಹುಡುಕಾಟ. ನಿಲ್ದಾಣದ ಹತ್ತಿರದ ಮನೆಗಳಲ್ಲಿ ಕಾಂಪೌಂಡ್ ಒಳಗೆ ತಿಂಗಳಿಗಿಷ್ಟು ಎಂದು ಗಾಡಿ ನಿಲ್ಲಿಸಿಕೊಳ್ಳುವವರು ಇರುತ್ತಾರೆ. ಬೋರ್ಡು ಗೀರ್ಡು ಇರುವುದಿಲ್ಲ, ಬಾಯಿಮಾತಿನಲ್ಲೇ ಎಲ್ಲ. ಅದು ಇವರಿಗೂ ಗೊತ್ತಿತ್ತು. ಕೇಳಿರಲಿಲ್ಲ. ಯಾಕೆಂದರೆ ಕೇಳಿದರೆ ಸುದ್ದಿ ಅಂಗಡಿಗೆ ಮುಟ್ಟುತ್ತದೆ! ಹಾಗಾಗಿ ಗಂಡನನ್ನು ಕರೆಸದೆ ಮುಂದಕ್ಕೆ ಹೋಗುವ ದಾರಿ ಇರಲಿಲ್ಲ.

ಗಂಡ ಒಳ್ಳೆಯ ಮನುಷ್ಯ. ಬೈಕಿನ ಕತೆ ಕೇಳಿ ಮುಖ ಇಳಿಸಿಕೊಂಡರು. ಆಮೇಲೆ ಸಿಟ್ಟು. ‘ಕಷ್ಟ ಅಂದ್ಲು, ಬಿಡು ಅಂದೆ. ಅದ್ರಲ್ಲಿ ಏನು ತಪ್ಪು? ಬಸ್ಸಲ್ಲಾದ್ರೂ ಹೋಗು ಅಂದ್ರೆ ಅದನ್ನೂ ಕೇಳಲ್ಲ, ಹೆಂಗಸರಿಗೆ ಫ್ರೀ ಬೇರೆ ಇದೆ.’

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಬಸ್ಸು ಉಚಿತ, ಸರಿ. ಆದರೆ ಬೆಳಗಿನ ಹೊತ್ತು ಕೆಂಗೇರಿಯಿಂದ ಈಚೆಗೆ ಬಸ್ಸು ತೆವಳುತ್ತದೆ. ಕಚೇರಿಯ ಹಾಜರಿ ಯಂತ್ರ ಅದಕ್ಕೆಲ್ಲ ಕಾಯುವುದಿಲ್ಲ. ಸ್ಕೂಟರಿನಲ್ಲೇ ಬೆಂಗಳೂರಿಗೆ ಹೋಗೋಣವೆಂದರೆ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ದಿನಾ ಹೋಗಿಬರುವುದು ಆಗದ ಮಾತು. ಇದನ್ನೆಲ್ಲ ಹೆಂಡತಿಯೇ ಹೇಳಲಿ ಎಂದು ಬಿಟ್ಟೆ. ಹೇಳಿದರು, ಅಂಕಿ ಸಮೇತ. ಆತ ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು ಅನಿಸುತ್ತದೆ.

ಆತನಿಗೆ ನಾನು ಹೇಳಿದ್ದು ಇಷ್ಟು. ನಿಮ್ಮ ‘ಬಿಡು’ ಪ್ರೀತಿಯಿಂದ ಬಂದದ್ದು, ಗೊತ್ತು. ಅವರ ಕಿವಿಗೆ ಅದು ಬೀಳುವುದೇ ಬೇರೆ ಥರ. ಅಂಗಡಿಯಲ್ಲಿ ವ್ಯಾಪಾರ ಇಲ್ಲ ಎಂದು ನೀವು ಗೊಣಗಿದಾಗ ಯಾರಾದರೂ ಬಾಗಿಲು ಹಾಕಿ ಅಂತಾರಾ? ಒಂದು ತಿಂಗಳು ಆ ಮಾತು ಬಾಯಲ್ಲಿ ಬರಬಾರದು. ರಾತ್ರಿ ಊಟದ ಮೇಲೆ ಹತ್ತು ನಿಮಿಷ ಅವರು ಓಡಾಟದ ಕತೆ ಹೇಳಲಿ. ನೀವು ಪರಿಹಾರ ಕೊಡಬೇಡಿ, ಸುಮ್ನೆ ಕೇಳಿ. ಬೆಳಗಿನ ಡಬ್ಬಿ, ಮಗಳ ಸ್ಕೂಲ್ ವ್ಯಾನ್ ಎರಡೂ ನಿಮ್ಮ ಪಾಲಿಗೆ. ಅಂಗಡಿ ತೆರೆಯುವುದು ಒಂಬತ್ತೂವರೆಗೆ ತಾನೆ?

ಕೊನೆಯ ಮಾತಿಗೆ ಹೆಂಡತಿ ನಕ್ಕರು. ಆತ ನಗಲಿಲ್ಲ.

ವಿಚಿತ್ರ ಅಂದರೆ, ಕಾಂಪೌಂಡಿನ ಜಾಗ ಹುಡುಕಿಕೊಟ್ಟದ್ದು ಅದೇ ಗಂಡ. ಅಂಗಡಿಗೆ ಬರುವ ಒಬ್ಬ ನಿವೃತ್ತ ಮೇಷ್ಟರ ಮನೆ. ಗೇಟಿದೆ, ದೀಪ ಇದೆ, ನಿಲ್ದಾಣಕ್ಕೆ ಮೂರು ನಿಮಿಷದ ನಡಿಗೆ.

ಉಳಿದದ್ದು ರೈಲು ತಪ್ಪುವ ಭಯ. ಇದಕ್ಕೆ ಅವರಿಗೆ ಸುತರಾಂ ಇಷ್ಟವಿಲ್ಲದ ಒಂದು ಕೆಲಸ ಕೊಟ್ಟೆ. ಮ್ಯಾನೇಜರ್‌ಗೆ ಹಿಂದಿನ ದಿನವೇ ತಿಳಿಸಿ, ಬೇಕೆಂದೇ ಒಂದು ದಿನ ಮೆಮು ಬಿಟ್ಟುಬಿಡಿ. ಬಸ್ಸಿನಲ್ಲಿ ಕೆಂಗೇರಿಗೆ ಬನ್ನಿ, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಕಬ್ಬನ್ ಪಾರ್ಕ್. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ದಿನಾ ಅಷ್ಟು ದೂರ ಮೆಟ್ರೊದಲ್ಲಿ ಹೋಗುವುದು ಕೈ ಕಚ್ಚುತ್ತದೆ, ಅಪರೂಪಕ್ಕೆ ಪರವಾಗಿಲ್ಲ. ಗಾಡಿ ತಪ್ಪಿದರೆ ಪ್ರಪಂಚ ಮುಳುಗುತ್ತದೆ ಎಂದು ಮೈಗೆ ಅನಿಸಿರುತ್ತದೆ. ಮುಳುಗುವುದಿಲ್ಲ ಎಂದು ನಾನು ಹೇಳಿದರೆ ಅದು ನಂಬುವುದಿಲ್ಲ, ಒಮ್ಮೆ ತಪ್ಪಿಸಿಯೇ ನೋಡಬೇಕು. ನಲವತ್ತು ನಿಮಿಷ ತಡವಾಯಿತಂತೆ. ಮ್ಯಾನೇಜರ್ ತಲೆ ಎತ್ತಿ ನೋಡಿ ಮತ್ತೆ ಕಂಪ್ಯೂಟರಿಗೆ ತಿರುಗಿದರಂತೆ. ‘ಇಷ್ಟೇನಾ ಅನ್ನಿಸ್ತು’ ಎಂದರು. ಸ್ವಲ್ಪ ನಿರಾಸೆಯೂ ಇತ್ತು ಆ ಧ್ವನಿಯಲ್ಲಿ.

ಎಲ್ಲವೂ ಸರಿಹೋಯಿತು ಎಂದಲ್ಲ. ಕತ್ತಲ ರಸ್ತೆಯ ಬಗ್ಗೆ ಬೋಗಿಯ ಗೆಳತಿಯರೆಲ್ಲ ಸೇರಿ ರೈಲ್ವೆ ಸಹಾಯವಾಣಿ 139ಕ್ಕೆ ದೂರು ಕೊಟ್ಟರು. ಒಂದು ದೀಪ ಬಂತು, ಮಳೆಗೆ ಕೆಟ್ಟಿತು, ಮತ್ತೆ ದೂರು. ಮೇಷ್ಟರು ತಿಂಗಳ ಬಾಡಿಗೆ ಏರಿಸಿದರು. ಕೆಂಗೇರಿ ದಾಟುವಾಗ ಈಗಲೂ ಒಮ್ಮೊಮ್ಮೆ ಕೈ ಬೆವರುತ್ತದೆ. ಆಗ ಪಕ್ಕದವರಿಗೆ ‘ನನಗೀಗ ಗಾಬರಿ ಆಗ್ತಿದೆ’ ಎಂದು ಹೇಳಿಬಿಡುತ್ತಾರೆ. ಅದು ನಾನು ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡದ್ದು.

ಕೊನೆಯ ಭೇಟಿಯಲ್ಲಿ ಗಂಡ ಹೆಂಡತಿ ಡಬ್ಬಿಯ ಉಪ್ಪಿಟ್ಟಿನ ಬಗ್ಗೆ ಜಗಳ ಆಡುತ್ತಲೇ ಒಳಗೆ ಬಂದರು. ಕೆಲಸ ಬಿಡುವ ಮಾತು ಬರಲಿಲ್ಲ. ವಾರದಲ್ಲಿ ಎರಡು ಸಲಕ್ಕಿಂತ ಹೆಚ್ಚು ಹಾಗಾದರೆ ಬನ್ನಿ, ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು ಎಂದು ಹೇಳಿ ಕಳಿಸಿದೆ. ಸಂಜೆಯ ಗಾಡಿಗೆ ಹೊತ್ತಾಯಿತೆಂದು ಬೇಗ ಎದ್ದರು.