‘ಸಕ್ಕರೆ ಸೇರಿಸಿಲ್ಲ’ ಎಂದಿದ್ದರೂ ಶುಗರ್ ಏರುವುದೇಕೆ?

ಪ್ರಶ್ನೆ: ನಮ್ಮ ಅತ್ತೆಯವರಿಗೆ ಮಧುಮೇಹವಿದೆ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದಿರುವ ರಾಗಿ ಬಿಸ್ಕತ್ತನ್ನೇ ತರಿಸಿ ಕೊಡುತ್ತಿದ್ದೇವೆ. ಆದರೂ ಸಂಜೆ ನಾಲ್ಕು ಬಿಸ್ಕತ್ತು ತಿಂದ ದಿನ ಶುಗರ್ ಏರಿರುತ್ತದೆ. ಕಂಪನಿಯವರು ಸುಳ್ಳು ಬರೆದಿದ್ದಾರೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಸುಳ್ಳು ಬರೆದಿರಲೇಬೇಕೆಂದೇನೂ ಇಲ್ಲ. ಕಾನೂನು ಒಪ್ಪುವ ಮಾತನ್ನೇ ಬರೆದು, ಉಳಿದದ್ದನ್ನು ಕೊಳ್ಳುವವರು ತಾವಾಗಿಯೇ ಊಹಿಸಿಕೊಳ್ಳಲಿ ಎಂದು ಬಿಡುವುದು ಈ ವ್ಯಾಪಾರದ ಹಳೆಯ ಜಾಣತನ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ‘ಶುಗರ್ ಫ್ರೀ’ ಎನ್ನಬೇಕಾದರೆ 100 ಗ್ರಾಂ ಆಹಾರದಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಬಾರದು. ‘ಸಕ್ಕರೆ ಸೇರಿಸಿಲ್ಲ’ ಎನ್ನಬೇಕಾದರೆ ಸಕ್ಕರೆಯನ್ನಾಗಲಿ, ಸಕ್ಕರೆಯಿರುವ ಪದಾರ್ಥವನ್ನಾಗಲಿ ಬೆರೆಸಿರಬಾರದು. ಎರಡರಲ್ಲೂ ಪಿಷ್ಟದ ಮಾತೇ ಇಲ್ಲ. ಬಿಸ್ಕತ್ತಿನಲ್ಲಿರುವ ಮೈದಾ, ಅಷ್ಟೇಕೆ, ರಾಗಿ ಹಿಟ್ಟು ಕೂಡ ಜೀರ್ಣವಾದ ಮೇಲೆ ಗ್ಲುಕೋಸೇ ಆಗುತ್ತದೆ.

ಆದ್ದರಿಂದ ಪೊಟ್ಟಣವನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ನಮೂದಿಸಬೇಕೆಂಬ ನಿಯಮವಿದೆ. ಮುಂಬದಿಯಲ್ಲಿ ರಾಗಿ ತೆನೆಯ ಚಿತ್ರವಿದ್ದು, ಪಟ್ಟಿ ಮಾತ್ರ ‘ಸಂಸ್ಕರಿಸಿದ ಗೋಧಿ ಹಿಟ್ಟು’ ಎಂದು ಆರಂಭವಾಗಿದ್ದರೆ ಅದು ಮೈದಾ ಬಿಸ್ಕತ್ತೇ ಸರಿ. ರಾಗಿಯ ಪಾಲು ಶೇಕಡಾ ಎಷ್ಟೆಂಬುದನ್ನೂ ಅಲ್ಲೇ ಹುಡುಕಿ ನೋಡಿ. (ಮೈದಾ ಬಿಸ್ಕತ್ತಿಗೆ ರಾಗಿ ಬಿಸ್ಕತ್ತಿನ ಬೆಲೆ ತೆರುವುದು ದಂಡ.) ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟವನ್ನು ಒಡೆದು ಮಾಡಿದ ಪುಡಿ) ಎಂಬ ಹೆಸರು ಕಂಡರೆ ಇನ್ನಷ್ಟು ಎಚ್ಚರ ಬೇಕು: ಪೋಷಕಾಂಶಗಳ ಲೆಕ್ಕದಲ್ಲಿ ಅದು ಸಕ್ಕರೆಯ ಸಾಲಿಗೆ ಸೇರುವುದಿಲ್ಲ, ಆದರೆ ರಕ್ತದಲ್ಲಿ ಗ್ಲುಕೋಸನ್ನು ಬಹಳ ಬೇಗ ಏರಿಸುತ್ತದೆ.

ಪೋಷಕಾಂಶಗಳ ಕೋಷ್ಟಕದಲ್ಲಿ 100 ಗ್ರಾಂಗೆ ಕೊಟ್ಟಿರುವ ಅಂಕಿಗಳನ್ನೇ ಗಮನಿಸಿ. ಸೇರಿಸಿದ ಸಕ್ಕರೆ ಸೊನ್ನೆಯೆಂದಿದ್ದರೂ ಒಟ್ಟು ಕಾರ್ಬೋಹೈಡ್ರೇಟ್ 70 ಗ್ರಾಮಿನ ಆಸುಪಾಸಿನಲ್ಲಿರುವುದು ಬಿಸ್ಕತ್ತುಗಳಲ್ಲಿ ಸಾಮಾನ್ಯ. ಅತ್ತೆಯವರ ಪಥ್ಯಕ್ಕೆ ಲೆಕ್ಕವಾಗಬೇಕಾದದ್ದು ಈ ಅಂಕಿ. ಚಹದ ಜೊತೆಗೆ ಏನಾದರೂ ಬೇಕೇಬೇಕೆಂದರೆ ಒಂದು ಸಣ್ಣ ಹಿಡಿ ಹುರಿಗಡಲೆ ಕೊಡಬಹುದು. ಬಿಸ್ಕತ್ತೇ ಬೇಕೆಂದು ಹಟ ಹಿಡಿದರೆ ನಾಲ್ಕನ್ನು ಒಂದಕ್ಕಿಳಿಸಿ. ಏರಿಕೆ ಹಾಗೆಯೇ ಮುಂದುವರಿದರೆ ಮೀಟರಿನ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ.

ಪ್ರಶ್ನೆ: ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆದಿರುವ ಅಡುಗೆ ಎಣ್ಣೆ ಹೃದಯಕ್ಕೆ ಹೆಚ್ಚು ಒಳ್ಳೆಯದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಕಡಲೆಕಾಯಿ, ಸೂರ್ಯಕಾಂತಿ, ತಾಳೆ, ಕೊಬ್ಬರಿ, ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಕೊಲೆಸ್ಟರಾಲ್ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಆ ಬರಹ ಒಂದು ಎಣ್ಣೆಯನ್ನು ಇನ್ನೊಂದಕ್ಕಿಂತ ಮೇಲೆಂದು ತೋರಿಸಿಕೊಡುವುದಿಲ್ಲ. ಹೋಲಿಸಬೇಕಾದದ್ದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸುವ ಸ್ಯಾಚುರೇಟೆಡ್ ಕೊಬ್ಬಿನ ಪ್ರಮಾಣವನ್ನು. ತಾಳೆ ಎಣ್ಣೆಯಲ್ಲಿ ಅದು ಸುಮಾರು ಅರ್ಧದಷ್ಟಿರುತ್ತದೆ. ಎಣ್ಣೆ ಯಾವುದೇ ಆಗಲಿ, ಗ್ರಾಂ ಒಂದಕ್ಕೆ 9 ಕಿಲೋ ಕ್ಯಾಲರಿ ತಪ್ಪಿದ್ದಲ್ಲ.