ತಮ್ಮನನ್ನು ಟಿಮಿನ್ಸ್‌ಗೆ ಕಳಿಸಲಾ?

ಪ್ರಶ್ನೆ: ಮೇಡಂ, ನನ್ನ ತಮ್ಮ ಇಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಕೆನಡಾದ ಟೊರೊಂಟೊ ಹತ್ತಿರ ಎರಡು ವರ್ಷ ಓದಿದ. ಈಗ ಅಲ್ಲೇ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಉತ್ತರದ ಟಿಮಿನ್ಸ್ ಎಂಬ ಊರಿನಲ್ಲಿ ಗಣಿ ಯಂತ್ರ ರಿಪೇರಿ ಮಾಡುವ ವರ್ಕ್‌ಶಾಪಿನವರು ಕರೆದಿದ್ದಾರಂತೆ. ಪಿಆರ್ (ಅಲ್ಲೇ ಕಾಯಂ ಇರುವ ಅನುಮತಿ) ಸಿಗುತ್ತದೆ ಅಂತ ಖುಷಿಯಲ್ಲಿದ್ದಾನೆ. ಅವನ ಹೆಂಡತಿ ಬೆಂಗಳೂರಿನಲ್ಲಿ ನರ್ಸ್. ಅಷ್ಟು ದೂರದ, ಅಷ್ಟು ಚಳಿಯ ಊರಿನಲ್ಲಿ ಇಬ್ಬರೂ ಬದುಕು ಕಟ್ಟಿಕೊಳ್ಳಬಹುದಾ?
– ಓದುಗರು, ಹಾಸನ

ಉತ್ತರ: ನಾನು ಈ ಊರಿಗೆ ಬಂದು ಹನ್ನೆರಡು ವರ್ಷವಾಯಿತು. ಟೊರೊಂಟೊದಿಂದ ಸುಮಾರು 700 ಕಿಲೋಮೀಟರ್, ಜನ 41 ಸಾವಿರದಷ್ಟು. ಚಳಿಗಾಲದಲ್ಲಿ ಕೆಲವು ದಿನ ಮೈನಸ್ 40ಕ್ಕೆ ಇಳಿಯುತ್ತದೆ. ಆದರೆ ಚಳಿಗೆ ಹೆದರಿ ಊರು ಬಿಟ್ಟವರನ್ನು ನಾನು ಅಷ್ಟಾಗಿ ನೋಡಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಕೆಲಸ ಸಿಕ್ಕದೆ ಬಿಟ್ಟು ಹೋದವರೇ ಜಾಸ್ತಿ. ಹಾಗಾಗಿ ತಮ್ಮನಿಗಿಂತ ಮೊದಲು ನಿಮ್ಮ ನಾದಿನಿಯ ವಿಷಯ ಹೇಳುತ್ತೇನೆ.

ಟಿಮಿನ್ಸ್ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ನರ್ಸ್ ಆಗಲು ಇಲ್ಲಿನ ಕಾಲೇಜ್ ಆಫ್ ನರ್ಸಸ್ ಎಂಬ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಬೇಕು. ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಬೇಕಾದರೆ ಎನ್‌ಕ್ಲೆಕ್ಸ್ ಪರೀಕ್ಷೆಯೂ ಇದೆ. ಇದಕ್ಕೆಲ್ಲ ಓದಿದ ಕಾಲೇಜು, ವಿಶ್ವವಿದ್ಯಾಲಯ, ನರ್ಸಿಂಗ್ ಕೌನ್ಸಿಲ್‌ನ ಕಾಗದಗಳು ಬೇಕಾಗುತ್ತವೆ. ಅವರು ಬೆಂಗಳೂರಿನಲ್ಲಿ ಇರುವಾಗಲೇ ಆ ಓಡಾಟ ಶುರು ಮಾಡಲಿ. ಇಲ್ಲಿಗೆ ಬಂದು ಕೂತು ಅಲ್ಲಿನ ಕಚೇರಿಗೆ ಫೋನ್ ಮಾಡಿಸುವ ಕಷ್ಟ ನನಗೆ ಗೊತ್ತು. ನೋಂದಣಿ ಆಗುವವರೆಗೆ ವೃದ್ಧರ ಆರೈಕೆ ಕೆಲಸ ಹುಡುಕಬಹುದು. ಗೌರವದ ಕೆಲಸ. ಆದರೆ ಪರೀಕ್ಷೆಯನ್ನು ಮಾತ್ರ ಮುಂದೆ ಹಾಕಬಾರದು. ದಿನದ ಸುಸ್ತಿನಲ್ಲಿ ಪುಸ್ತಕ ಪಕ್ಕಕ್ಕಿಟ್ಟು, ಐದು ವರ್ಷ ಅದೇ ಕೆಲಸದಲ್ಲಿ ಉಳಿದುಬಿಟ್ಟ ಗೆಳತಿಯೊಬ್ಬರು ನನಗಿದ್ದಾರೆ. ಅವರ ಜೊತೆ ಕೂತು ಅತ್ತಿದ್ದೇನೆ.

ನನ್ನದೂ ಅಂಥದೇ ಕಥೆ. ಎಂಕಾಂ ಮಾಡಿ ಬಂದಿದ್ದೆ. ಎಲ್ಲಿ ಅರ್ಜಿ ಹಾಕಿದರೂ, 'ಕೆನಡಾದ ಅನುಭವ ಇದೆಯಾ?' ಎಂಬ ಒಂದೇ ಪ್ರಶ್ನೆ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಹೇಳಿ? ಎಂಟು ತಿಂಗಳು ಹೋಟೆಲಿನ ಸ್ವಾಗತದಲ್ಲಿ ರಾತ್ರಿ ಪಾಳಿ ಮಾಡಿದೆ. ಅಲ್ಲಿಗೆ ಬರುತ್ತಿದ್ದ ಗಿರಾಕಿಯೊಬ್ಬರು ತಮ್ಮ ಬಿಡಿಭಾಗದ ಅಂಗಡಿಗೆ ಲೆಕ್ಕ ಬರೆಯಲು ಕರೆದರು. ಸಣ್ಣ ಊರಿನ ಗುಣ ಅದು. ಕಾಗದ ನೋಡಿ ಬಾಗಿಲು ತೆರೆಯದವರು, ಮುಖ ಪರಿಚಯವಾದ ಮೇಲೆ ತೆರೆಯುತ್ತಾರೆ.

ಈಗ ತಮ್ಮನ ವಿಷಯ. ಹಳ್ಳಿ, ಉತ್ತರದ ಊರುಗಳಿಗೆ ಅಂತ 2019ರಲ್ಲಿ ಶುರುವಾದ ಹಳೆಯ ಪಿಆರ್ ಯೋಜನೆ 2024ರಲ್ಲಿ ಮುಗಿಯಿತು. 2025ರ ಜನವರಿಯಲ್ಲಿ ಬಂದ ಹೊಸದರಲ್ಲಿ ಟಿಮಿನ್ಸ್ ಸೇರಿ 14 ಪ್ರದೇಶಗಳಿವೆ. ಕೆಲಸ ಕೊಡುವ ಮಾಲೀಕರು ಊರಿನ ಮಾನ್ಯತೆ ಪಡೆದವರಾಗಿರಬೇಕು. ಊರಿನ ಶಿಫಾರಸು ಬೇಕು. ಹಿಂದಿನ 3 ವರ್ಷದಲ್ಲಿ ಈ ಕೆಲಸಕ್ಕೆ ಹೊಂದುವ ಕನಿಷ್ಠ 1,560 ಗಂಟೆಯ ಅನುಭವ ಕೇಳುತ್ತಾರೆ. ಗೋದಾಮಿನ ಕೆಲಸ ಲೆಕ್ಕಕ್ಕೆ ಬರುತ್ತದಾ ಅಂತ ಅವನು ಮೊದಲು ವಿಚಾರಿಸಲಿ. ಇನ್ನೊಂದು ಮಾತು. ಕೆಲಸದ ಪತ್ರಕ್ಕೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಅದು ಕಾನೂನಿಗೆ ವಿರುದ್ಧ.

ನಾನು ಹುಟ್ಟಿದ್ದು ಕೆಜಿಎಫ್‌ನಲ್ಲಿ. ಅಪ್ಪ ಗಣಿಯಲ್ಲಿ ಫಿಟ್ಟರ್. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಆಮೇಲೆ ಅಪ್ಪ ನಸುಕಿಗೇ ಎದ್ದು ಬೆಂಗಳೂರಿನ ರೈಲು ಹತ್ತುತ್ತಿದ್ದರು, ಸೆಕ್ಯೂರಿಟಿ ಕೆಲಸಕ್ಕೆ. ಅವರ ಕೈಕೆಲಸಕ್ಕೆ ಬೇರೆಡೆ ತೋರಿಸುವಂಥ ಸರ್ಟಿಫಿಕೇಟ್ ಇರಲಿಲ್ಲ. ಟಿಮಿನ್ಸ್ ಕೂಡ 1909ರಲ್ಲಿ ಚಿನ್ನ ಸಿಕ್ಕಿದ ಮೇಲೆ ಬೆಳೆದ ಊರು. ಇವತ್ತು ಚಿನ್ನಕ್ಕೆ ಬೆಲೆ ಇದೆ, ಕೆಲಸವೂ ಇದೆ. ಆದರೆ ಗಣಿ ಊರಿನ ಮಗಳಾಗಿ ಹೇಳುತ್ತೇನೆ, ನಿಮ್ಮ ತಮ್ಮ ಸುಮ್ನೆ ಸಂಬಳಕ್ಕೆ ದುಡಿಯಬಾರದು. ಅಪ್ರೆಂಟಿಸ್ ಆಗಿ ಹೆಸರು ನೋಂದಾಯಿಸಿ, ರೆಡ್ ಸೀಲ್ ಎಂಬ ಕುಶಲ ಕೆಲಸಗಾರರ ಪರೀಕ್ಷೆ ಪಾಸಾಗಲಿ. ಅದು ಕೆನಡಾದ ಎಲ್ಲ ಕಡೆ ನಡೆಯುತ್ತದೆ. ನಾಳೆ ಇಲ್ಲಿ ಗಣಿ ನಿಂತರೂ ಅವನ ಕೈ ಖಾಲಿಯಾಗುವುದಿಲ್ಲ.

ಊರಿನವರ ಬಗ್ಗೆಯೂ ತಿಳಿದಿರಲಿ. ಇಲ್ಲಿ ಫ್ರೆಂಚ್ ಮಾತಾಡುವವರು ಬಹಳ. ನಾಲ್ಕು ಮಾತು ಕಲಿತರೂ ಅಂಗಡಿಯಲ್ಲಿ ಮುಖ ಅರಳುತ್ತದೆ. ಕ್ರೀ, ಒಜಿಬ್ವೆ ಜನ ಈ ನೆಲದ ಮೂಲದವರು. ಜೇಮ್ಸ್ ಕೊಲ್ಲಿಯ ಕಡೆಯಿಂದ ಎಷ್ಟೋ ಕುಟುಂಬಗಳು ಚಿಕಿತ್ಸೆಗೆ ಇಲ್ಲಿಗೆ ಬರುತ್ತವೆ. ನಿಮ್ಮ ನಾದಿನಿ ಆಸ್ಪತ್ರೆ ಸೇರಿದರೆ ಅವರನ್ನೇ ದಿನಾ ನೋಡಬೇಕು. ಅವರ ಬಗ್ಗೆ ಅವರಿವರು ಹಗುರವಾಗಿ ಆಡುವ ಮಾತನ್ನು ನಂಬಿಕೊಂಡು ಬರುವುದು ಬೇಡ.

ಕಾರು ಬೇಕೇ ಬೇಕು, ಇಬ್ಬರಿಗೂ ಲೈಸೆನ್ಸ್ ಬೇಕು. ಪಾಳಿ ಮುಗಿಸಿ ಮಧ್ಯರಾತ್ರಿ ಹಿಮದಲ್ಲಿ ನಡೆದು ಬರಲು ಆಗುವುದಿಲ್ಲ ಅಲ್ವಾ? ನಾದಿನಿ ಎಷ್ಟು ವರ್ಷದಿಂದ ಕಾರು ಓಡಿಸುತ್ತಿದ್ದಾರೆ ಎಂಬುದಕ್ಕೆ ಆರ್‌ಟಿಒದಿಂದ ಇಂಗ್ಲಿಷಿನಲ್ಲಿ ಪತ್ರ ತರಲಿ. ಅದಿದ್ದರೆ ಇಲ್ಲಿ ಲೈಸೆನ್ಸ್ ಪರೀಕ್ಷೆಗೆ ಕಾಯುವ ತಿಂಗಳುಗಳು ಕಡಿಮೆಯಾಗುತ್ತವೆ. ಹಿಮದ ಟೈರಿಗೆ ಮೊದಲೇ ದುಡ್ಡು ತೆಗೆದಿಡಿ. ಬಾಡಿಗೆ ಮನೆ ನೋಡುವಾಗ, ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಗ್ ಇದೆಯಾ ಅಂತ ತಮ್ಮ ಕೇಳಲಿ. ರಾತ್ರಿ ಎಂಜಿನ್ ಬೆಚ್ಚಗಿಡಲು ಕರೆಂಟ್ ಕೊಡದಿದ್ದರೆ, ಜನವರಿಯ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದೇ ಕಷ್ಟ.